ಜೋಳದ ಕಾಳಿನಷ್ಟು ಮುಖ

ಪುಟಗವಿ, ಯಾದಗಿರಿ ಬೆಟ್ಟ
ಉಳಿಕೆ ತಿಂಗಳು, ಮೂವತ್ತೆರಡನೆಯ ದಿನ
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2461

ಮಾನ್ಯ ಮೆಹಜಬೀನ್ ಅವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೇಳೇ ದಿನ. ಹನ್ನೆರಡು ತಿಂಗಳು ಮುಗಿದ ಮೇಲೆ ಮಿಕ್ಕ ನಲವತ್ತೊಂದು ದಿನಗಳನ್ನು ಒಟ್ಟುಗೂಡಿಸಿ ವರ್ಷದ ಕೊನೆಗೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಉಳಿಕೆ ತಿಂಗಳು ಎಂದು ಹೆಸರು. ಆ ದಿನಗಳಲ್ಲಿ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ, ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುತ್ತಾರೆ. ಈ ಕಾಗದವೂ ಅಂಥದ್ದೇ.

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮವರ ಪುಟಗಳಿಂದ: ಮದುವೆಯ ಕರೆಯೋಲೆ, ಬಸ್ಸಿನ ವೇಳಾಪಟ್ಟಿ, ಕಾಲೇಜಿನ ಪ್ರಕಟಣೆ, ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ. ಹೀಗಾಗಿ ಗಂಭೀರವಾಗಿ ಬರೆಯುತ್ತಿರುವಾಗಲೇ ಎಲ್ಲೋ ಒಂದು ಕಡೆ ಉಪ್ಪು ರುಚಿಗೆ ತಕ್ಕಷ್ಟು ಎಂದು ಬಂದುಬಿಡಬಹುದು. ಸಂಬೋಧನೆಯದೂ ಒಂದು ಪೇಚು. ಹುಟ್ಟಿದ ವರ್ಷ ನೋಡಿದರೆ ನೀವು ನನಗಿಂತ ನಾನೂರು ಚಿಲ್ಲರೆ ವರ್ಷ ದೊಡ್ಡವರು. ಆದರೆ ನನಗೆ ಸಿಕ್ಕ ನಿಮ್ಮ ಪುಟ್ಟ ಟಿಪ್ಪಣಿಯೊಂದಿದೆ, ಅದನ್ನು ಬರೆದ ದಿನ ನಿಮಗೆ ಇಪ್ಪತ್ತೈದು ತುಂಬಿರಲಿಕ್ಕಿಲ್ಲ ಎಂದು ನನ್ನ ಅಂದಾಜು. ನನಗೀಗ ಅರವತ್ತೊಂದು. ಸದ್ಯಕ್ಕೆ ನೀವು ಎಂದೇ ಬರೆಯುತ್ತೇನೆ.

ನಾನು ನಿಂಬವ್ವ, ಪುಟಗಾವಲಿನವಳು. ನೀವು ಇಂಟರ್ನೆಟ್ ಎನ್ನುತ್ತಿದ್ದಿರಲ್ಲ, ಅದರಲ್ಲಿ ಉಳಿದುಬಂದ ಚೂರುಪಾರುಗಳನ್ನು ಈ ಬೆಟ್ಟದ ಹೊಟ್ಟೆಯೊಳಗೆ ಕೊರೆದ ಗವಿಯಲ್ಲಿ ಇಟ್ಟಿದ್ದಾರೆ. ಅವನ್ನು ಓದಿ, ಅರ್ಥ ಮಾಡಿ, ಕೇಳಿದವರಿಗೆ ನಕಲು ಕಳಿಸುವುದು ನನ್ನ ಕೆಲಸ. ಮೊದಲು ಹದಿನಾಲ್ಕು ಜನ ಇದ್ದೆವಂತೆ. ನಾನು ಸೇರುವಾಗ ಮೂವರಿದ್ದರು. ಹನ್ನೊಂದು ವರ್ಷದಿಂದ ನಾನೊಬ್ಬಳೇ. ಕಾವಲು ಬಿಡುವವರು ತಾವು ಕಾದ ಪುಟಗಳಲ್ಲಿ ಯಾವುದಾದರೂ ಒಂದನ್ನು ಮಾಡಿದವರಿಗೆ ಕಾಗದ ಬರೆದಿಟ್ಟು ಹೋಗಬೇಕೆಂಬುದು ಇಲ್ಲಿನ ಪದ್ಧತಿ. ಅದು ತಲುಪುತ್ತದೆಂದು ಯಾರೂ ನಂಬಿಲ್ಲ. ನನಗಿಂತ ಮುಂಚಿನವರು ಒಬ್ಬ ಬಸ್ ವೇಳಾಪಟ್ಟಿಯವನಿಗೆ ಎಂಟು ಹಾಳೆ ಬೈದು ಬರೆದಿಟ್ಟಿದ್ದಾರೆ. ಮುಂದಿನ ವಾರ ಗವಿಗೆ ಬಾಗಿಲು ಹಾಕುತ್ತಾರೆ. ಕೇಳುವವರು ಕಡಿಮೆಯಾದರು, ಮೇಲಿನ ಬಿಸಿಲುಹಲಗೆಗಳ ವಿದ್ಯುತ್ತು ಊರಿನ ನೀರೆತ್ತುವ ಯಂತ್ರಕ್ಕೆ ಬೇಕಾಗಿದೆ. ನ್ಯಾಯವಾದ ಮಾತೇ. ಆದ್ದರಿಂದ ಇದು ಈ ಗವಿಯಿಂದ ಹೊರಡುವ ಕೊನೆಯ ಕಾಗದ, ಮತ್ತು ಇದರಲ್ಲಿ ಬೈಗುಳ ಇಲ್ಲ. ಬೈಯುವ ಹಕ್ಕು ನನಗಿಲ್ಲ ಎಂಬುದು ಓದುತ್ತ ತಿಳಿಯುತ್ತದೆ.

ನಿಮ್ಮ ಕಾಲದಲ್ಲಿ ತೆರೆಗಳಿಗೆ ಅಳತೆ ಇತ್ತು. ಒಬ್ಬರ ಮೇಜಿನ ಮೇಲೆ ಅಗಲದ್ದು, ಇನ್ನೊಬ್ಬರ ಕೈಯಲ್ಲಿ ಅಂಗೈಯಷ್ಟರದ್ದು. ನಮ್ಮಲ್ಲಿ ಇರುವುದು ಹಾಸುತೆರೆ. ಸೆರಗಿನಷ್ಟು ತೆಳುವಾದ ಬಟ್ಟೆ. ಮಡಿಚಿದರೆ ಬೆರಳಗಲ, ಬಿಡಿಸಿದರೆ ಗೋಡೆಯಗಲ. ಅದರ ಮೇಲೆ ಬರುವ ಚಿತ್ರಕ್ಕೆ ಎಷ್ಟು ಕುಗ್ಗಬೇಕು, ಎಷ್ಟು ಹಿಗ್ಗಬೇಕೆಂಬುದು ಹುಟ್ಟಿನಿಂದಲೇ ಗೊತ್ತು. ನಿಮ್ಮವರು ಅದನ್ನು ಒಂದೊಂದು ಚಿತ್ರಕ್ಕೂ ಕೈಯಾರೆ ಬರೆದು ಹೇಳಬೇಕಿತ್ತು, ಹಾಗೆ ಹೇಳುವ ಭಾಷೆಗೆ ಸಿಎಸ್‌ಎಸ್ ಎಂಬ ಹೆಸರಿತ್ತು ಎಂದರೆ ಊರಿನ ಮಕ್ಕಳು ನಗುತ್ತಾರೆ. ಆ ಭಾಷೆ ಈಗ ಬಲ್ಲವಳು ನಾನೊಬ್ಬಳೇ. ಜಂಬವಲ್ಲ. ಮಾತಾಡಲು ಎದುರಿಗೆ ಯಾರೂ ಇಲ್ಲದ ಭಾಷೆಯಲ್ಲಿ ಪಂಡಿತೆಯಾಗಿ ಏನು ಮಾಡುವುದು.

ಇಲ್ಲಿ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಮ್ಮ ನಂತರ ಸುಮಾರು ನೂರು ವರ್ಷಕ್ಕೆ, ನಿಮ್ಮ ಪುಟಗಳನ್ನು ಇಟ್ಟಿದ್ದ ಯಂತ್ರಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಆಗ ಕೆಲವರು ಸೇರಿ ಕೈಗೆ ಸಿಕ್ಕಷ್ಟನ್ನು ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಅಚ್ಚೊತ್ತಿದರು. ಅದನ್ನು ನಾವು ಮಹಾನಕಲು ಎನ್ನುತ್ತೇವೆ. ಅವರಿಗೆ ಸಮಯವಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಮೂಲ ಚಿತ್ರಗಳನ್ನು ಇಳಿಸಿಕೊಳ್ಳುವುದು ಭಾರದ ಕೆಲಸವೆಂದು, ಪುಟವನ್ನು ತೆರೆದು, ತೆರೆಯ ಮೇಲೆ ಏನು ಕಂಡಿತೋ ಅಷ್ಟನ್ನೇ ಅಚ್ಚಿಗೆ ಹಾಕಿದರು. ಬರಹ ಹಗುರ, ಆದ್ದರಿಂದ ಪುಟದ ಹಿಂದಿನ ಬರಹವನ್ನು ಪೂರ್ತಿ ಉಳಿಸಿದರು. ಅವರು ಮಾಡಿದ ತಪ್ಪು ಒಂದೇ. ನಿಮ್ಮವರಲ್ಲಿ ಹೆಚ್ಚಿನವರು ಫೋನಿನಲ್ಲೇ ನೋಡುತ್ತಿದ್ದರೆಂದು, ಎಲ್ಲ ಪುಟಗಳನ್ನೂ ಫೋನಿನ ಅಗಲಕ್ಕೇ ತೆರೆದರು. ಮುನ್ನೂರ ಅರವತ್ತು ಪಿಕ್ಸೆಲ್. ಆ ಅಗಲದ ಆಚೆ ನಿಂತಿದ್ದವರೆಲ್ಲ ಅಳಿಸಿಹೋದರು.

ಹೀಗಾಗಿ ನಿಮ್ಮ ಲೋಕ ನಮಗೆ ಸಿಕ್ಕಿರುವುದು ಒಂದು ಇಕ್ಕಟ್ಟಿನ ಕಿಟಕಿಯಲ್ಲಿ. ಚಿತ್ರಕ್ಕೆ ಸಾವಿರದ ಇನ್ನೂರು ಪಿಕ್ಸೆಲ್ ಅಗಲ ಎಂದು ಒರಟಾಗಿ ಬರೆದವರ ಪುಟದಲ್ಲಿ ಎಡಗಡೆಯ ಮೂರನೆಯ ಒಂದು ಪಾಲು ಮಾತ್ರ ಉಳಿದಿದೆ. ಒಂದು ಮದುವೆಯಲ್ಲಿ ಮದುಮಗಳಿದ್ದಾಳೆ, ಮದುಮಗನ ಮೊಣಕೈ ಇದೆ. ಅಗಲ ಬಿಟ್ಟುಕೊಟ್ಟು ಎತ್ತರ ಬಿಗಿಹಿಡಿದವರ ಪುಟದಲ್ಲಿ ಒಂದಿಡೀ ಶಾಲೆಯ ಮಾಸ್ತರರು ಹಿಂಡಿದ ಹಾಗೆ ಉದ್ದವಾಗಿದ್ದಾರೆ. ನಿಮ್ಮ ಕಾಲದವರ ಮುಖ ಇದ್ದದ್ದೇ ಹಾಗೆಂದು ನಮ್ಮವರು ಮೂರು ತಲೆಮಾರು ನಂಬಿದ್ದರು. ಎಲ್ಲೋ ಕೆಲವರು ಮಾತ್ರ ಎರಡು ಸಾಲು ಬರೆದಿರುತ್ತಾರೆ: ಮ್ಯಾಕ್ಸ್-ವಿಡ್ತ್ ನೂರು ಪರ್ಸೆಂಟ್, ಹೈಟ್ ಆಟೋ. ಇರುವ ಮನೆಗಿಂತ ದೊಡ್ಡದಾಗಬೇಡ, ಎತ್ತರವನ್ನು ನಿನ್ನ ಅಗಲಕ್ಕೆ ತಕ್ಕಂತೆ ನೀನೇ ಇಟ್ಟುಕೋ ಎಂದು ಅದರ ಅರ್ಥ. ಅಂಥ ಪುಟದ ಚಿತ್ರ ಚಿಕ್ಕದಾಗಿರುತ್ತದೆ, ಆದರೆ ಇಡಿಯಾಗಿರುತ್ತದೆ. ಜೋಳದ ಕಾಳಿನಷ್ಟು ಮುಖ ಸಿಕ್ಕರೂ ಸಾಕು, ಅದನ್ನು ಗೋಡೆಯಷ್ಟು ಮಾಡುವ ವಿದ್ಯೆ ನಮಗೆ ಗೊತ್ತಿದೆ. ಆ ಎರಡು ಸಾಲು ಕಂಡ ದಿನ ನಾನು ಎರಡು ಸಲ ಚಹಾ ಮಾಡಿಕೊಂಡು ಕುಡಿಯುತ್ತೇನೆ.

ಮುಖ ಯಾಕೆ ಬೇಕು ಎಂದು ನೀವು ಕೇಳಬಹುದು. ನಮ್ಮಲ್ಲಿ ಮೂಲಮುಖ ಎಂಬುದೊಂದಿದೆ. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಹಲಗೆ, ಅದರ ಮೇಲೆ ಆ ಮನೆತನದಲ್ಲಿ ಗೊತ್ತಿರುವ ಅತಿ ಹಳೆಯ ತಾಯಿಯ ಮುಖ. ಹುಟ್ಟಿದ ಕೂಸನ್ನು ಮೊದಲು ಅದರ ಎದುರು ಹಿಡಿದು, ಆಮೇಲೆಯೇ ಹೆಸರಿಡುವುದು. ಎಲ್ಲ ಕಳೆದುಕೊಂಡು ಉಳಿದ ಜನ ನಾವು. ಹಿಂದೆ ಯಾರೋ ಇದ್ದರು ಎಂಬುದಕ್ಕೆ ಒಂದು ಕುರುಹು ಬೇಕಾಗುತ್ತದೆ. ಹಾಗೆ ಮುಖ ಸಿಗದ ಮನೆಗಳೂ ಇವೆ. ಅಲ್ಲಿ ಹಲಗೆ ಬಿಳಿಯಾಗಿಯೇ ಇರುತ್ತದೆ, ಕೂಸನ್ನು ಆ ಬಿಳಿಯ ಎದುರಿಗೇ ಹಿಡಿಯುತ್ತಾರೆ. ಯಾರೂ ಎದುರಿಗೆ ಆಡಿಕೊಳ್ಳುವುದಿಲ್ಲ. ಆದರೆ ಆ ಮನೆಯ ಪಡಸಾಲೆಯಲ್ಲಿ ಬಂದವರು ಗೋಡೆಯ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ.

ಮುಖ ಬೇಕಾದವರು ಸಾಮಾನ್ಯವಾಗಿ ತಂತಿಯಲ್ಲಿ ಕೇಳುತ್ತಾರೆ, ನಾನು ನಕಲು ಕಳಿಸುತ್ತೇನೆ, ಮುಗಿಯಿತು. ಇಲ್ಲಿಯವರೆಗೆ ನಡೆದು ಬರುವುದು ಚಿತ್ರ ಮುರಿದಿರುವಾಗ ಮಾತ್ರ, ತಮ್ಮ ಕಣ್ಣಾರೆ ಹುಡುಕಬೇಕೆನ್ನುವವರು ಮಾತ್ರ. ನಾನು ಒಬ್ಬಳೇ ಆದ ಮೇಲೆ ಹಾಗೆ ಬಂದವಳು ಒಬ್ಬಳು. ಹೆಸರು ದ್ಯಾವಮ್ಮ, ಎಪ್ಪತ್ತೆಂಟು ವರ್ಷ, ಕೃಷ್ಣೆಯ ದಂಡೆಯ ಊರು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ಕೂತು, ಮೊದಲು ನೀರು ಕೇಳಿದಳು. ಬಲಗೈಯ ತೋರುಬೆರಳಿಗೆ ಒಂದು ಚಿಂದಿ ಸುತ್ತಿಕೊಂಡಿದ್ದಳು. ದಾರಿಯಲ್ಲಿ ಗಾಯವಾಗಿರಬೇಕೆಂದುಕೊಂಡು ಮುಲಾಮು ತಂದರೆ, ಗಾಯವಲ್ಲ, ತಮ್ಮ ಮನೆಯ ಹೆಂಗಸರು ದೊಡ್ಡ ಕೆಲಸಕ್ಕೆ ಹೊರಡುವಾಗ ಹೀಗೆ ಸುತ್ತಿಕೊಳ್ಳುತ್ತಾರೆ, ಯಾಕೆಂದು ತನಗೂ ಗೊತ್ತಿಲ್ಲ, ತನ್ನ ಅವ್ವನಿಗೂ ಗೊತ್ತಿರಲಿಲ್ಲ ಎಂದಳು.

ಅವಳ ಮನೆಯ ಹಲಗೆ ಬಿಳಿಯದು. ಅವಳನ್ನು ಹಿಡಿದದ್ದೂ ಅದರ ಎದುರಿಗೆ, ಅವಳ ಮಗಳನ್ನು, ಮೊಮ್ಮಗಳನ್ನು ಹಿಡಿದದ್ದೂ ಅದರ ಎದುರಿಗೇ. ಈಗ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಈ ಕೂಸನ್ನು ಮಾತ್ರ ಬಿಳಿ ಹಲಗೆಗೆ ತೋರಿಸಲು ಬಿಡುವುದಿಲ್ಲ ಎಂದು ಹಟ ಹಿಡಿದು, ಹೆಸರಿಡುವುದನ್ನು ನಿಲ್ಲಿಸಿ, ಒಂಬತ್ತು ದಿನ ನಡೆದು ಬಂದಿದ್ದಳು. ಅವಳ ಕೈಯಲ್ಲಿದ್ದದ್ದು ಹೆಣ್ಣುಸಾಲು ಮಾತ್ರ, ಅಂದರೆ ಮಗಳಿಂದ ತಾಯಿ, ತಾಯಿಯಿಂದ ಅವಳ ತಾಯಿ, ಹೀಗೆ ಹದಿನೇಳು ಹೆಸರು. ನಿಂತಲ್ಲೇ ಒಂದೇ ಉಸಿರಿಗೆ ಒಪ್ಪಿಸಿದಳು. ಕೊನೆಯ ಹೆಸರು ಸಾಬಮ್ಮ. ಬಟ್ಟೆಯ ಚೂರುಗಳನ್ನು ಜೋಡಿಸಿ ಹೊದಿಕೆ ಮಾಡುತ್ತಿದ್ದಳಂತೆ, ಅದು ಎಂಥ ಹೊದಿಕೆಯೋ ದ್ಯಾವಮ್ಮನಿಗೆ ತಿಳಿಯದು. ನಮ್ಮಲ್ಲಿ ಬಟ್ಟೆ ಹರಿದರೆ ತಾನೇ ಕೂಡಿಕೊಳ್ಳುತ್ತದೆ. ಸೂಜಿ ಎಂಬುದನ್ನು ನಾನು ಕೂಡ ಚಿತ್ರದಲ್ಲಿಯೇ ನೋಡಿದವಳು.

ನಾಲ್ಕನೆಯ ದಿನ ನಿಮ್ಮ ಪುಟ ಸಿಕ್ಕಿತು. ಸುರಪುರದ ಕಡೆಯ ಕೌದಿ ಹೊಲಿಯುವ ಹೆಂಗಸರ ಸಂಘಕ್ಕೆ ನೀವು ಮಾಡಿಕೊಟ್ಟ ಪುಟ. ಚೂರುಬಟ್ಟೆಯ ಆ ಹೊದಿಕೆಗೆ ಕೌದಿ ಎಂಬ ಹೆಸರಿತ್ತೆಂದು ಅದರಿಂದಲೇ ತಿಳಿಯಿತು. ದ್ಯಾವಮ್ಮ ಹೊರಗೆ ಬಿಸಿಲಿಗೆ ಕೂತಿದ್ದಳು, ಒಳಗೆ ನಾನೊಬ್ಬಳೇ ಇದ್ದೆ. ತಲೆಚಿತ್ರದಲ್ಲಿ ನಾಲ್ಕು ಹೆಂಗಸರು ಸಾಲಾಗಿ ನಿಂತಿದ್ದಾರೆ. ಅದರ ಕೆಳಗೆ, ಕಣ್ಣು ಕಾಣದವರಿಗೆ ಓದಿ ಹೇಳಲೆಂದು ನೀವು ಬರೆದಿಟ್ಟ ಮಾತು ಬಿಲ್ಲೆಯಲ್ಲಿ ಪೂರ್ತಿ ಉಳಿದಿದೆ: ಎಡಗಡೆ ಗೋಡೆಯ ಮೇಲೆ ಕೌದಿಗಳು, ಎಡದಿಂದ ಬಲಕ್ಕೆ ಜೈತುನಬಿ, ಯಂಕಮ್ಮ, ಭೀಮಬಾಯಿ, ಮರೆಮ್ಮ, ಕೊನೆಯಲ್ಲಿ, ಮರೆಮ್ಮನ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವಾಕೆ ಸಾಬಮ್ಮ. ಐದು ಹೆಸರು, ನಾಲ್ಕು ಮುಖ. ಮರೆಮ್ಮನ ಹೆಗಲ ಮೇಲೆ ಒಂದು ಕೈ ಇದೆ. ಮಣಿಕಟ್ಟಿಗೆ ಹಸಿರು ಬಳೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ.

ನಾನು ಹಿಂದಿನ ಬರಹ ತೆಗೆದು ನೋಡಿದೆ. ಅಗಲ ನೂರು ಪರ್ಸೆಂಟ್, ಎತ್ತರ ನಾಲ್ಕುನೂರು ಪಿಕ್ಸೆಲ್, ಆಬ್ಜೆಕ್ಟ್-ಫಿಟ್ ಕವರ್. ಎಷ್ಟು ಜಾಗವಿದೆಯೋ ಅಷ್ಟನ್ನೂ ತುಂಬು, ಹೆಚ್ಚಾದದ್ದನ್ನು ಎರಡು ಕಡೆಯಿಂದಲೂ ಕತ್ತರಿಸು ಎಂಬ ಅಪ್ಪಣೆ. ಮೇಜಿನ ಮೇಲಿನ ದೊಡ್ಡ ತೆರೆಯಲ್ಲಿ ಅದು ಚೆನ್ನಾಗಿಯೇ ಕಂಡಿರಬೇಕು, ಐವರೂ ಇದ್ದಿರಬೇಕು. ನಾಲ್ಕುನೂರು ಎತ್ತರಕ್ಕೆ ಆ ಚಿತ್ರ ಆರುನೂರು ಅಗಲವಾಗುತ್ತದೆ. ಫೋನಿನಲ್ಲಿ ಇರುವುದು ಮುನ್ನೂರ ಅರವತ್ತು. ಎಡಕ್ಕೆ ನೂರಿಪ್ಪತ್ತು ಹೋಯಿತು, ಅಲ್ಲಿ ಕೌದಿ ಹಾಕಿದ ಗೋಡೆ ಇತ್ತು. ಬಲಕ್ಕೆ ನೂರಿಪ್ಪತ್ತು ಹೋಯಿತು, ಅಲ್ಲಿ ಸಾಬಮ್ಮ ಇದ್ದಳು. ಆ ಸಾಲುಗಳ ಪಕ್ಕದಲ್ಲಿ, ಯಂತ್ರ ಓದದ, ಮನುಷ್ಯರಿಗಾಗಿ ಮಾತ್ರ ಬರೆಯುವ ಟಿಪ್ಪಣಿಯ ಜಾಗದಲ್ಲಿ, ನಿಮ್ಮ ಬಾಯಿಂದಲೇ ಬಂದಂತೆ ಕೇಳಿಸುವ ಮಾತು ಸಿಕ್ಕಿತು. “ಫೋನ್‌ನಾಗ ಬಲಗಡೆಯವ್ರು ಕಟ್ ಆಗ್ಲಿಕತ್ತಾರ. ನಾಳೆ ಸರಿ ಮಾಡ್ತೀನಿ. ಇವತ್ತು ಕಣ್ಣು ಉರೀಲಿಕತ್ತಾವ. — ಮೆಹಜಬೀನ್.”

ನನಗೆ ಸಿಟ್ಟು ಬಂತು ಎಂದು ಹೇಳಿದರೆ ಅದು ಅರ್ಧ ನಿಜ. ಈ ಗವಿಯಲ್ಲಿ ಇಪ್ಪತ್ತಾರು ವರ್ಷ ಓದಿದ್ದೇನೆ. ಮಾರುವವರ ಮಾತು, ಹೊಗಳುವವರ ಮಾತು, ಲೋಕಕ್ಕೆಲ್ಲ ಕೇಳುವಂತೆ ಕೂಗಿದ ಮಾತು. ಯಾರೂ ಓದದಿರಲಿ ಎಂಬಂತೆ ಮೂಲೆಯಲ್ಲಿ ಬರೆದ, ಕಣ್ಣುರಿಯ ಬಗೆಗಿನ ಒಂದು ಸಾಲು ಇದೇ ಮೊದಲು. ಅದನ್ನು ಓದಿದವಳು ಬಹುಶಃ ನಾನೊಬ್ಬಳೇ. ನನಗೆ ಯಾರೋ ಕಾಗದ ಬರೆದ ಹಾಗೆ ಅನ್ನಿಸಿತು.

ಎದ್ದು ಹೊರಗೆ ಬಂದೆ, ಸಿಕ್ಕಿತು ಎಂದು ಹೇಳಲು. ದ್ಯಾವಮ್ಮ ಕಲ್ಲಿನ ಮೇಲೆ ನನ್ನ ಎರಡು ತಟ್ಟೆಗಳನ್ನು ತೊಳೆದು ಒಣಗಲು ಇಟ್ಟಿದ್ದಳು. ಎರಡನೆಯ ತಟ್ಟೆ ನಾನೊಬ್ಬಳೇ ಆದಾಗಿನಿಂದ ಕಪಾಟಿನಲ್ಲೇ ಇತ್ತು. ಏನವ್ವ, ಸಿಕ್ತೇನು ಎಂದು ಕೇಳಿದಳು. ಇಲ್ಲ, ನಾಳೆ ನೋಡೋಣ ಎಂದೆ.

ಮಾರನೆಯ ದಿನವೂ ನಾಳೆ ಎಂದೆ. ಅದರ ಮಾರನೆಯ ದಿನವೂ. ಹದಿಮೂರು ದಿನ ನಾನು ನಿಮ್ಮ ಪುಟವನ್ನು ಮಗುಚಿ ಇಟ್ಟು, ಬೇರೆ ಬಿಲ್ಲೆಗಳನ್ನು ಹೊರತೆಗೆದು, ಹುಡುಕುವ ನಾಟಕ ಆಡಿದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವಳು ಇದ್ದದ್ದು ನನಗೆ ಹಿತವಾಗಿತ್ತು. ಅವಳು ಬೆಳಿಗ್ಗೆ ಎದ್ದು ಕೆಮ್ಮುತ್ತಿದ್ದಳು. ನಾನು ಮಾಡಿದ ಪಾಚಿರೊಟ್ಟಿ ಬಿರುಸು ಎಂದು ದಿನವೂ ತಕರಾರು ತೆಗೆದು, ದಿನವೂ ಎರಡು ಹೆಚ್ಚೇ ತಿನ್ನುತ್ತಿದ್ದಳು. ಬಿಲ್ಲೆಯಲ್ಲಿದ್ದ ಆ ಉದ್ದ ಮುಖದ ಮಾಸ್ತರರನ್ನು ತೋರಿಸಿದರೆ, ಇವರಿಗೆ ಯಾರು ಪಾಠ ಕಲಿಸಿದರೋ ಕಿವಿ ಹಿಡಿದು ಎಳೆದಿದ್ದಾರೆ ಎಂದು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿಮ್ಮ ಸಿಎಸ್‌ಎಸ್ ಎಂದರೇನೆಂದು ಕೇಳಿದಳು. ಹೇಳಿದೆ. ಒಂದೇ ಚಿತ್ರ ಬೇರೆ ಬೇರೆ ತೆರೆಗೆ ಹೇಗೆ ಹೊಂದಿಕೊಳ್ಳಬೇಕು, ದೊಡ್ಡ ತೆರೆಗೊಂದು ಸಣ್ಣ ತೆರೆಗೊಂದು ಪ್ರತಿಯನ್ನು ಹೇಗೆ ಕೊಡುತ್ತಿದ್ದರು, ಇಷ್ಟು ಅಗಲ ದಾಟಿದರೆ ಹೀಗೆ ನಿಲ್ಲು ಎಂದು ಹೇಗೆ ಬರೆಯುತ್ತಿದ್ದರು, ಎಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ವಿದ್ಯೆಯನ್ನು ಒಬ್ಬರು ಕೂತು ಕೇಳಿದ್ದು ಅದೇ. ಅವಳು ಹೋಗುವ ದಿನ ಬರುವುದೇ ಬೇಡವೆಂದು ನನಗನ್ನಿಸಿತು.

ಆದರೆ ಅಲ್ಲಿ ಹೆಸರಿಲ್ಲದ ಕೂಸೊಂದಿತ್ತು. ಅವಳು ದಿನವೂ ಸಂಜೆ ಆ ಕೂಸಿಗೆ ಎಷ್ಟು ದಿನವಾಯಿತೆಂದು ಬೆರಳು ಮಡಿಚಿ ಹೇಳುತ್ತಿದ್ದಳು. ಹದಿನೇಳನೆಯ ದಿನ ನನಗೆ ತಡೆಯಲಿಲ್ಲ. ತಡೆಯದೆ ಮಾಡಿದ್ದೂ ಸರಿಯಾದದ್ದನ್ನಲ್ಲ. ನಮ್ಮಲ್ಲಿ ಊಹೆಯಂತ್ರ ಇದೆ. ಚಿತ್ರದ ತುಂಡು ಕೊಟ್ಟರೆ ಉಳಿದದ್ದನ್ನು ತಾನೇ ಕಲ್ಪಿಸಿ ತುಂಬಿಸುತ್ತದೆ. ಊಹೆಯನ್ನು ನಿಜವೆಂದು ಕೊಡಬಾರದು ಎಂಬುದು ಕಾವಲಿನ ಮೊದಲ ಮಾತು. ಆ ಮಾತನ್ನು ಮುರಿದೆ. ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ, ಸುಳ್ಳಾಡಿದ ದಿನಗಳಿಗೆ ಏನಾದರೂ ದೊಡ್ಡದನ್ನೇ ಕೊಡಬೇಕೆನ್ನಿಸಿತು. ಯಂತ್ರ ಸಾಬಮ್ಮನಿಗೊಂದು ಮುಖ ಕೊಟ್ಟಿತು. ನಗುವ ಮುಖ, ಹಣೆಗೆ ಕುಂಕುಮ, ಕೆನ್ನೆಯ ಮೇಲೆ ಬಿಸಿಲು. ಅದನ್ನು ಗೋಡೆಯಷ್ಟು ಮಾಡಿ, ಸಿಕ್ಕಳು ನೋಡು ಎಂದೆ.

ದ್ಯಾವಮ್ಮ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು.

“ಇಕಿ ಎಲ್ಲಾರಂಗ ಅದಾಳ, ಯಾರಂಗೂ ಇಲ್ಲ,” ಎಂದಳು. “ಖರೇ ಇರೋದು ಏನದ, ಅದನ್ನ ತೋರ್ಸವ್ವ.”

ನಾನು ಮುಖವನ್ನು ಅಳಿಸಿದೆ. ಬಿಲ್ಲೆಯಲ್ಲಿ ಇದ್ದದ್ದು ಇದ್ದ ಹಾಗೆ ತೆರೆಯ ಮೇಲೆ ಬಂತು: ನಾಲ್ಕು ಹೆಂಗಸರು, ಒಂದು ಕೈ. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಚಿತ್ರದ ಬಲ ಅಂಚಿನವರೆಗೆ ನಡೆದುಹೋಗಿ, ಆ ಕೈಯ ಎದುರು ತನ್ನ ಕೈ ಎತ್ತಿ ಹಿಡಿದಳು. ಅಷ್ಟು ದಿನ ಆ ಚಿತ್ರವನ್ನು ನೋಡಿಯೂ ನಾನು ಕಾಣದಿದ್ದದ್ದು ಆಗ ಕಂಡಿತು. ಮುಖ ಹುಡುಕುವ ಭರದಲ್ಲಿ ಕೈಯನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಮರೆಮ್ಮನ ಹೆಗಲ ಮೇಲಿನ ಆ ಕೈಯ ತೋರುಬೆರಳಿಗೆ ಒಂದು ಚಿಂದಿ ಸುತ್ತಿತ್ತು. ನಿಮ್ಮ ಪುಟದ ಕೆಳಗಡೆ ನೀವೇ ಬರೆದಿದ್ದೀರಿ, ಸೂಜಿಯ ಹಿಂಬದಿ ಚುಚ್ಚಬಾರದೆಂದು ಕೌದಿ ಹೊಲಿಯುವವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಾರೆ ಎಂದು. ಅದನ್ನು ಓದಿ ಹೇಳಿದೆ. ಸೂಜಿ ಹೋಗಿ ಇನ್ನೂರು ವರ್ಷವಾದರೂ, ಹೊಲಿಗೆ ಎಂದರೇನೆಂದು ಮರೆತುಹೋದರೂ, ಹದಿನೇಳು ತಾಯಂದಿರು ಮಗಳಿಂದ ಮಗಳಿಗೆ ಆ ಚಿಂದಿಯನ್ನು ಸುತ್ತುತ್ತ ಬಂದಿದ್ದರು. ದ್ಯಾವಮ್ಮ ನೆಲದ ಮೇಲೆ ಕೂತುಬಿಟ್ಟಳು. ಅತ್ತಳು. ನಾನೂ ಅತ್ತೆ, ನನಗೆ ಅಳುವುದಕ್ಕೆ ಬೇರೆ ಕಾರಣಗಳೂ ಇದ್ದವು.

ಕೈ ಇರುವಷ್ಟು ಭಾಗವನ್ನು ಬಿಡಿಸಿ, ದೊಡ್ಡದು ಮಾಡಿ ಹಲಗೆಗೆ ಹಾಕಿಕೊಡಲೇ ಎಂದು ಕೇಳಿದೆ. ಬೇಡವೆಂದಳು. ಆ ನಾಲ್ವರ ಜೊತೆಗೇ ಇರಲಿ, ಇನ್ನು ಯಾರನ್ನೂ ಕತ್ತರಿಸುವುದು ಬೇಡ ಎಂದಳು. ಹಾಗೆಯೇ ಮಾಡಿಕೊಟ್ಟೆ.

ಮಾರನೆಯ ಬೆಳಿಗ್ಗೆ ಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಬೆಟ್ಟದ ನಡುವಿನ ಕಮಾನಿನವರೆಗೆ ಬಿಡಲು ಹೋದೆ. ಅಲ್ಲಿ ನಿಂತು, ನಾಲ್ಕನೆಯ ದಿನವೇ ಸಿಕ್ಕಿತ್ತು ಎಂದು ಹೇಳಿದೆ. ಇಳಿದು ಹೋದ ಮೇಲೆ ಹೇಳುವಂತಿರಲಿಲ್ಲವಲ್ಲ. ಅವಳಿಗೆ ಆಶ್ಚರ್ಯವಾಗಲಿಲ್ಲ. ಆ ದಿನ ಒಳಗಿಂದ ಬಂದ ನನ್ನ ಮಾರಿ ನೋಡಿಯೇ ಏನೋ ಸಿಕ್ಕಿದೆ ಎಂದು ತಿಳಿದುಕೊಂಡಿದ್ದಳಂತೆ. ಕೆಟ್ಟ ಸುದ್ದಿಯಿರಬೇಕು, ಹೇಳಲು ಇವಳಿಗೆ ಧೈರ್ಯವಿಲ್ಲ, ಬರಲಿ ಎಂದು ಕಾದಳಂತೆ. ಹಾಗಲ್ಲ, ನೀನು ಹೋಗಬಾರದೆಂದು ಮುಚ್ಚಿಟ್ಟೆ ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಚಿಂದಿ ಸುತ್ತಿದ ಬೆರಳು ಒರಟಾಗಿತ್ತು.

“ಕೇಳಿದ್ರ ಇರ್ತಿದ್ದೆನಲ್ಲವ್ವ,” ಎಂದಳು. “ನಾಕು ದಿನ ನಾನ ಇರ್ತಿದ್ದೆ. ಸುಳ್ಳು ಯಾಕ ಹೇಳ್ದಿ?”

ಅವಳು ಇಳಿದು ಹೋದಳು. ಇಪ್ಪತ್ತು ದಿನದ ಮೇಲೆ ತಂತಿ ಬಂತು. ಕೂಸಿಗೆ ಸಾಬಮ್ಮ ಎಂದು ಹೆಸರಿಟ್ಟರಂತೆ. ಹಲಗೆಯ ಎದುರು ಹಿಡಿದಾಗ ಅದು ಕೈಯನ್ನೂ ನೋಡದೆ ಮುಖಗಳನ್ನೂ ನೋಡದೆ ಹಲಗೆಯ ಮೂಲೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತಂತೆ. ಮೊನ್ನೆ ಹಸಿವಿನ ತಿಂಗಳಲ್ಲಿ, ಅಂದರೆ ನಮ್ಮ ಹನ್ನೆರಡನೆಯ ತಿಂಗಳಲ್ಲಿ, ಇನ್ನೊಂದು ತಂತಿ ಬಂತು, ಮೊಮ್ಮಗಳು ಕಳಿಸಿದ್ದು. ಅಜ್ಜಿ ಇಲ್ಲ, ಮಲಗಿದ್ದಲ್ಲೇ ಹೋದಳು ಎಂದು ಎರಡೇ ಸಾಲು. ಗವಿಯ ಬಾಗಿಲು ಮುಚ್ಚಿದ ಮೇಲೆ ನಾನು ಹೋಗಲು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಊರು ಅದೊಂದೇ. ಈಗ ಇದೇ ಬೆಟ್ಟದ ಬುಡದಲ್ಲಿ ಒಂದು ಕೋಣೆ ಕೊಡುತ್ತಾರಂತೆ. ಪಡಸಾಲೆ ಇಲ್ಲ, ಹಲಗೆ ತೂಗುಹಾಕುವ ಚಿಂತೆಯಿಲ್ಲ.

ಇಷ್ಟೆಲ್ಲ ಹೇಳಿಕೊಂಡ ಮೇಲೆ ನೀವು ಎನ್ನಲು ಬರುತ್ತಿಲ್ಲ, ನೀನು ಎನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೆಹಜಬೀನ್, ನೀನು ಯಾಕೆ ಸರಿಮಾಡಲಿಲ್ಲವೋ ನನಗೆ ಗೊತ್ತಿಲ್ಲ. ಕಣ್ಣುರಿ ಹೆಚ್ಚಾಯಿತೋ, ಬೇರೆ ಕೆಲಸ ಬಂತೋ, ಮರೆತೆಯೋ. ಅಥವಾ ನಾಳೆ ಎಂಬುದು ಬಹಳ ದೊಡ್ಡದಿದೆ ಎಂದು ನನ್ನ ಹಾಗೆಯೇ ನಂಬಿದೆಯೋ. ಈ ಕಾಗದ ನಿನಗೆ ಮುಟ್ಟುವುದಿಲ್ಲವೆಂದು ನನಗೆ ಗೊತ್ತು. ಒಂದು ವೇಳೆ ಮುಟ್ಟಿದರೆ, ಹೇಗೆ ಮುಟ್ಟಿತೆಂದು ಯೋಚಿಸುತ್ತ ಕೂರಬೇಡ, ಮೊದಲು ಆ ಪುಟ ತೆರೆ. ಹದಿನೆಂಟನೆಯ ಸಾಲಿನಲ್ಲಿ ಎತ್ತರ ನಾಲ್ಕುನೂರು ಎಂದಿದೆ, ಅದನ್ನು ತೆಗೆದು ಆಟೋ ಎಂದು ಬರೆ. ಕವರ್ ಎಂಬ ಸಾಲು ಆಮೇಲೆ ಬೇಕಾಗುವುದಿಲ್ಲ. ಫೋನಿನಲ್ಲಿ ಚಿತ್ರ ಇನ್ನೂರ ನಲವತ್ತು ಎತ್ತರಕ್ಕೆ ಇಳಿಯುತ್ತದೆ. ಪುಟ ಅಷ್ಟು ಗತ್ತಿನಿಂದ ಕಾಣಲಿಕ್ಕಿಲ್ಲ, ಸಂಘದವರು ಚಿತ್ರ ಯಾಕೆ ಸಣ್ಣದಾಯಿತೆಂದು ಕೇಳಬಹುದು. ಕೇಳಲಿ ಬಿಡು. ಐದು ಮುಖ ಇರುತ್ತವೆ, ಒಂದೊಂದೂ ಜೋಳದ ಕಾಳಿನಷ್ಟು.

ಬರೆಯುವ ಮುಂಚೆ ಇದನ್ನೂ ತಿಳಿದುಕೋ. ನೀನು ಆ ಸಾಲು ಸರಿಮಾಡಿದರೆ ಸಾಬಮ್ಮನ ಮುಖ ಬಿಲ್ಲೆಯಲ್ಲಿ ಇಡಿಯಾಗಿ ಬರುತ್ತದೆ. ದ್ಯಾವಮ್ಮ ಹುಟ್ಟುವ ಮುಂಚೆಯೇ ಯಾರೋ ತಂತಿಯಲ್ಲಿ ಕೇಳಿರುತ್ತಾರೆ, ನಕಲು ಹೋಗಿರುತ್ತದೆ, ಹಲಗೆ ತುಂಬಿರುತ್ತದೆ. ಅವಳನ್ನು ಕೂಸಾಗಿದ್ದಾಗ ಒಂದು ನಗುವ ಮುಖದ ಎದುರು ಹಿಡಿದಿರುತ್ತಾರೆ. ಒಂಬತ್ತು ದಿನ ನಡೆದು ಈ ಬೆಟ್ಟ ಹತ್ತುವ ಕೆಲಸ ಅವಳಿಗೆ ಇರುವುದಿಲ್ಲ. ನನ್ನ ಎರಡನೆಯ ತಟ್ಟೆ ಕಪಾಟಿನಲ್ಲೇ ಇರುತ್ತದೆ. ರೊಟ್ಟಿ ಬಿರುಸೆಂದು ನನಗೆ ಯಾರೂ ಹೇಳಿರುವುದಿಲ್ಲ. ಕಮಾನಿನ ಕೆಳಗೆ ನನ್ನ ಕೈಯನ್ನು ಯಾರೂ ಹಿಡಿದಿರುವುದಿಲ್ಲ, ಆ ಹದಿನೇಳು ದಿನ ನನಗೆ ಇದ್ದವೆಂಬುದೂ ನನಗೆ ಗೊತ್ತಿರುವುದಿಲ್ಲ.

ಆದರೂ ಸರಿಮಾಡು. ಇವತ್ತೇ ಮಾಡು. ಮುಗಿದ ಮೇಲೆ ತಣ್ಣೀರಿನಲ್ಲಿ ಕಣ್ಣು ತೊಳೆದುಕೊಂಡು ಮಲಗು.

ನಿನ್ನ ಟಿಪ್ಪಣಿ ಓದಿದವಳು,
ನಿಂಬವ್ವ